ಮೊದಲ ಚುಚ್ಚುಮದ್ದಿನ ದಿನವೇ ಮೂಳೆಯ ಬಗ್ಗೆ ಕೇಳಿ

ನಮ್ಮ ದೊಡ್ಡಪ್ಪ ವರ್ಷಗಟ್ಟಲೆ ಬೆಳಗಿನ ಹೊತ್ತು ಲಾಲ್‌ಬಾಗಿನ ಬಂಡೆ ಹತ್ತಿ ಇಳಿದವರು. ಕಳೆದ ವರ್ಷ ಸೊಂಟನೋವೆಂದು ಅದನ್ನು ಬಿಟ್ಟರು. ಬಡಾವಣೆಯ ಕ್ಲಿನಿಕ್ಕೊಂದರಲ್ಲಿ ಐದು ತಿಂಗಳು ನೋವಿನ ಮಾತ್ರೆ, ಬೆಲ್ಟು, ಶಾಖ ಎಲ್ಲವೂ ನಡೆದವು. 72 ವರ್ಷದ ಗಂಡಸಿಗೆ, ಮಲಗಿದರೂ ತಗ್ಗದ ನೋವಿಗೆ, ಒಂದು ಪಿಎಸ್‌ಎ ರಕ್ತಪರೀಕ್ಷೆ (ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ತೊಂದರೆಯ ಸುಳಿವು ಕೊಡುವಂಥದ್ದು) ಮಾಡಿಸೋಣವೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಬೋನ್ ಸ್ಕ್ಯಾನಿನ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ, ಬೆನ್ನುಮೂಳೆಯ ಕೆಳಗಿನ ಮಣಿಗಳಲ್ಲೂ ಸೊಂಟದ ಮೂಳೆಯಲ್ಲೂ ಶಾಯಿ ಸಿಡಿದಂತೆ ಕಪ್ಪು ಕಲೆಗಳಿದ್ದವು. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಇಳಿದಿತ್ತು.

ಈ ಕ್ಯಾನ್ಸರು ಮೂಳೆಯನ್ನೇ ಹುಡುಕಿಕೊಂಡು ಹೋಗುವುದೇಕೆ? ಪ್ರಾಸ್ಟೇಟಿನ ಸುತ್ತಲಿನ ರಕ್ತನಾಳಗಳಿಗೂ ಬೆನ್ನುಮೂಳೆಯ ರಕ್ತನಾಳಗಳಿಗೂ ನೇರ ಸಂಪರ್ಕವಿದೆಯೆಂದು ಅಂಗರಚನಾ ತಜ್ಞ ಆಸ್ಕರ್ ಬ್ಯಾಟ್ಸನ್ 1940ರಲ್ಲಿ ತೋರಿಸಿದರು. ಆದರೆ ದಾರಿಯಿದ್ದರೆ ಸಾಲದು, ಬಿದ್ದ ಬೀಜಕ್ಕೆ ಹದವಾದ ಮಣ್ಣೂ ಬೇಕು. ಕ್ಯಾನ್ಸರ್ ಕೋಶಗಳು ಮೂಳೆ ಕಟ್ಟುವ ಕೋಶಗಳನ್ನು ಕೆರಳಿಸುತ್ತವೆ, ಮೂಳೆಯಿಂದ ಬಿಡುಗಡೆಯಾಗುವ ಬೆಳವಣಿಗೆಯ ಅಂಶಗಳು ಮರಳಿ ಕ್ಯಾನ್ಸರನ್ನೇ ಪೋಷಿಸುತ್ತವೆ. ಹೀಗೆ ಅಡ್ಡಾದಿಡ್ಡಿಯಾಗಿ ಬೆಳೆದ ಮೂಳೆ ಎಕ್ಸ್‌ರೇಯಲ್ಲಿ ಗಟ್ಟಿಯಾಗಿ ಕಂಡರೂ ಒಳಗೆ ದುರ್ಬಲವಾಗಿಯೇ ಇರುತ್ತದೆ.

ಈ ಬೆಳವಣಿಗೆಯ ಹಿಂದಿರುವ ಮುಖ್ಯ ಶಕ್ತಿ ಗಂಡು ಹಾರ್ಮೋನು. ಹೆಚ್ಚಿನ ಪಾಲು ವೃಷಣಗಳಲ್ಲಿ ತಯಾರಾಗುವ ಟೆಸ್ಟೋಸ್ಟೆರಾನ್, ಕೋಶದೊಳಗಿನ ಆಂಡ್ರೊಜನ್ ಗ್ರಾಹಕಕ್ಕೆ (ಗಂಡು ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ) ಅಂಟಿಕೊಂಡು ಬೆಳವಣಿಗೆಗೆ ಚಾಲನೆ ಕೊಡುತ್ತದೆ. ಆ ಹಾರ್ಮೋನನ್ನು ತಗ್ಗಿಸಿದರೆ ಮೂಳೆಗೆ ಹರಡಿದ ಕ್ಯಾನ್ಸರು ಕೂಡ ಕುಗ್ಗುತ್ತದೆ ಎಂದು 1941ರಲ್ಲಿ ಷಿಕಾಗೋದ ವೈದ್ಯರಾದ ಚಾರ್ಲ್ಸ್ ಹಗ್ಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ತೋರಿಸಿದರು. ಹಗ್ಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಂತು. ಇಂದಿನ ಚಿಕಿತ್ಸೆಯೂ ಅದೇ ಬುನಾದಿಯ ಮೇಲೆ ನಿಂತಿದೆ. ವೃಷಣ ತೆಗೆಯುವ ಶಸ್ತ್ರಚಿಕಿತ್ಸೆ ಒಮ್ಮೆಗೇ ಮುಗಿಯುತ್ತದೆ, ಖರ್ಚೂ ಕಡಿಮೆ. ಆದರೂ ನಮ್ಮ ಮನೆಗಳಲ್ಲಿ ಅದರ ಮಾತೆತ್ತುವುದಕ್ಕೇ ಸಂಕೋಚ. ಆ ಸಂಕೋಚದಿಂದಾಗಿ ಸಾಲ ಮಾಡಿ, ಅದೇ ಹಾರ್ಮೋನನ್ನು ತಗ್ಗಿಸುವ ಚುಚ್ಚುಮದ್ದನ್ನು ಮತ್ತೆ ಮತ್ತೆ ಹಾಕಿಸುವ ಕುಟುಂಬಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಚುಚ್ಚುಮದ್ದಿನ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಲ್ಯೂಪ್ರೊಲೈಡ್‌ನಂಥ ಔಷಧಗಳು ಮೊದಲ ಒಂದೆರಡು ವಾರ ಟೆಸ್ಟೋಸ್ಟೆರಾನನ್ನು ಏರಿಸಿ ಆಮೇಲೆ ಇಳಿಸುತ್ತವೆ. ಬೆನ್ನುಮೂಳೆಯಲ್ಲಿ ಗಡ್ಡೆಯಿರುವವರಿಗೆ ಆ ಏರಿಕೆಯೇ ಅಪಾಯ; ಬೆನ್ನುಹುರಿ ಒತ್ತಿಹೋಗಿ ಕಾಲಿನ ಬಲ ಕುಂದಬಹುದು. ಅದಕ್ಕಾಗಿಯೇ ಹಾರ್ಮೋನು ಗ್ರಾಹಕಕ್ಕೆ ಅಂಟದಂತೆ ತಡೆಯುವ ಬೈಕಾಲುಟಮೈಡ್‌ನಂಥ ಮಾತ್ರೆಯನ್ನು ಮೊದಲೇ ಆರಂಭಿಸುತ್ತಾರೆ, ಇಲ್ಲವೇ ಆ ಏರಿಕೆಯೇ ಇಲ್ಲದ ಡೆಗರೆಲಿಕ್ಸ್ ಚುಚ್ಚುಮದ್ದು ಕೊಡುತ್ತಾರೆ. ಕಾಲಿನಲ್ಲಿ ಜೋಮು, ನಿಶ್ಶಕ್ತಿ, ಮೂತ್ರ ಕಟ್ಟುವುದು ಕಂಡರೆ ಬೆಳಗಾಗಲೆಂದು ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಆದರೆ ನಮಗೆ ಯಾರೂ ಹೇಳದಿದ್ದ, ನಾನು ಎಲ್ಲರಿಗೂ ಹೇಳಬೇಕೆಂದಿರುವ ಮಾತು ಬೇರೆಯಿದೆ. ಕ್ಯಾನ್ಸರನ್ನು ಬೆಳೆಸುವ ಹಾರ್ಮೋನೇ ಗಂಡಸಿನ ಮೂಳೆಯನ್ನು ಕಾಯುವುದೂ ಹೌದು. ಟೆಸ್ಟೋಸ್ಟೆರಾನಿನ ಒಂದಂಶ ದೇಹದಲ್ಲಿ ಈಸ್ಟ್ರೋಜನ್ ಆಗಿ ಬದಲಾಗಿ ಮೂಳೆ ಸವೆಯದಂತೆ ನೋಡಿಕೊಳ್ಳುತ್ತದೆ. ಚಿಕಿತ್ಸೆಯಿಂದ ಎರಡೂ ಇಳಿಯುವುದರಿಂದ, ಕ್ಯಾನ್ಸರು ತಲುಪದ ಮೂಳೆಗಳೂ ತೆಳುವಾಗುತ್ತವೆ. ಬಚ್ಚಲಿನಲ್ಲಿ ಜಾರಿದ ಸಣ್ಣ ಪೆಟ್ಟಿಗೇ ತೊಡೆಯ ಮೂಳೆ ಮುರಿಯಬಹುದು. ನಮ್ಮ ಮನೆಯಲ್ಲಿ ಪಿಎಸ್‌ಎ ಇಳಿದ ಸಂತೋಷದಲ್ಲಿ ಮೂಳೆಯ ಕಡೆಗೆ ಯಾರ ಗಮನವೂ ಹೋಗಲಿಲ್ಲ. ಮೂರನೆಯ ಚುಚ್ಚುಮದ್ದಿಗೆ ಹೋದಾಗ ನಾನೇ ಕೇಳಿದ ಮೇಲೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟರು, ಮೂಳೆ ಆಗಲೇ ಸವೆದಿತ್ತು. ಈ ಪರೀಕ್ಷೆ ಚಿಕಿತ್ಸೆಯ ಆರಂಭದಲ್ಲೇ ಆಗಬೇಕಿತ್ತು. ಕ್ಯಾಲ್ಸಿಯಂ, ವಿಟಮಿನ್ ಡಿ, ದಿನದ ನಡಿಗೆಯೂ ಅಂದೇ ಶುರುವಾಗಬೇಕಿತ್ತು. ಕೆಲವು ವರ್ಷಗಳ ನಂತರ ಕ್ಯಾನ್ಸರು ಈ ಚಿಕಿತ್ಸೆಗೂ ಬಗ್ಗದೆ ಹೋಗಬಹುದು. ಆಗಲೂ ಅದು ಬಹುಪಾಲು ಅದೇ ಗ್ರಾಹಕವನ್ನೇ ನೆಚ್ಚಿಕೊಂಡಿರುತ್ತದೆ. ಅಬಿರಾಟೆರಾನ್, ಎನ್ಜಲುಟಮೈಡ್ ಎಂಬ ಔಷಧಗಳು ಕೆಲಸ ಮಾಡುವುದು ಇದೇ ಕಾರಣಕ್ಕೆ. ಅಂದರೆ ಹಾರ್ಮೋನನ್ನು ವರ್ಷಾನುಗಟ್ಟಲೆ ಅದುಮಿಡಬೇಕಾಗುತ್ತದೆ, ಮೂಳೆಯನ್ನೂ ಅಷ್ಟೇ ಕಾಲ ಜೋಪಾನ ಮಾಡಬೇಕಾಗುತ್ತದೆ.

ದೊಡ್ಡಪ್ಪನಿಗೆ ಈಗ ಮೂಳೆ ಸವೆತ ತಡೆಯುವ ಜೋಲೆಡ್ರಾನಿಕ್ ಆಸಿಡ್ ಕೊಡಬೇಕೆಂದಿದ್ದಾರೆ. ಆ ಔಷಧದಿಂದ ಅಪರೂಪಕ್ಕೆ ದವಡೆಯ ಮೂಳೆ ಕೊಳೆಯುವ ತೊಂದರೆಯಿರುವುದರಿಂದ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ, ಹೋದ ವಾರ ಒಂದು ಹುಳುಕುಹಲ್ಲು ಕೀಳಿಸಿದೆವು. ಒಸಡು ಪೂರ್ತಿ ಮಾಯುವವರೆಗೆ ಕಾಯುತ್ತಿದ್ದೇವೆ. ಬೆಳಿಗ್ಗೆ ಅವರು ನನ್ನ ತೋಳು ಹಿಡಿದು, ಲಾಲ್‌ಬಾಗಿನ ಬಂಡೆಯ ಬುಡದ ಸಮತಟ್ಟಾದ ದಾರಿಯಲ್ಲಿ ಇಪ್ಪತ್ತು ನಿಮಿಷ ನಡೆಯುತ್ತಾರೆ.