ಮಳಿಗೆಗಳ ನಿರ್ಧಾರ ಮತ್ತು ಬಂದೂಕು ಮಾಲೀಕರು

ಅಮೆರಿಕದ ದೊಡ್ಡ ಮಳಿಗೆಗಳು ಬಂದೂಕು ಮಾರಾಟವನ್ನು ಮಿತಗೊಳಿಸಿರುವುದು ಬಂದೂಕು ಮಾಲೀಕರ ಬಗ್ಗೆ ಸಮಾಜಕ್ಕಿರುವ ತಿರಸ್ಕಾರದ ಗುರುತು ಎಂದು ವಾದಿಸುವ ಲೇಖನವೊಂದನ್ನು ಓದಿದೆ; ಅದರ ಲೇಖಕರ ಈ ಮಾತನ್ನು ನಾನು ಒಪ್ಪಲಾರೆ. ವಾಲ್‌ಮಾರ್ಟ್ ಬಹುತೇಕ ಎಲ್ಲೆಡೆ ಕೈಬಂದೂಕುಗಳ ಮಾರಾಟವನ್ನು 1993ರಲ್ಲೇ ನಿಲ್ಲಿಸಿತ್ತು. 2019ರ ಆಗಸ್ಟ್‌ನಲ್ಲಿ ಎಲ್ ಪಾಸೊ ನಗರದ ಅದರದೇ ಮಳಿಗೆಯಲ್ಲಿ 23 ಜನರನ್ನು ಬಲಿ ತೆಗೆದುಕೊಂಡ ದಾಳಿಯ ನಂತರ ಕೈಬಂದೂಕಿನ ಗುಂಡುಗಳನ್ನೂ ಕೈಬಿಡುವುದಾಗಿ ಪ್ರಕಟಿಸಿತು, ಆದರೆ ಬೇಟೆಯ ಬಂದೂಕುಗಳನ್ನು ಉಳಿಸಿಕೊಂಡಿತು. ಕ್ರೀಡಾ ಸಾಮಗ್ರಿ ಮಾರುವ ಡಿಕ್ಸ್ ಸ್ಪೋರ್ಟಿಂಗ್ ಗೂಡ್ಸ್ ಸಂಸ್ಥೆಯಂತೂ 2018ರ ಪಾರ್ಕ್‌ಲ್ಯಾಂಡ್ ಶಾಲೆಯ ಹತ್ಯಾಕಾಂಡದ ಬಳಿಕ ತನ್ನಲ್ಲಿ ಉಳಿದಿದ್ದ ದಾಳಿ ಮಾದರಿಯ (ಸೇನೆಯ ಬಂದೂಕುಗಳನ್ನು ಹೋಲುವ) ರೈಫಲ್‌ಗಳನ್ನು ಬೇರೆಯವರಿಗೆ ಮಾರದೆ ನಾಶಪಡಿಸಿತು. ನಷ್ಟವಾಗುವುದೆಂದು ತಿಳಿದೇ ಕೈಗೊಂಡ ಆ ನಿರ್ಧಾರವನ್ನು ನಾನು ಮನಸಾರೆ ಗೌರವಿಸುತ್ತೇನೆ.

ಆದರೂ ಬಂದೂಕುಗಳ ಬೇಡಿಕೆ ಕುಗ್ಗಲಿಲ್ಲ. 2020ರಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐನ ವ್ಯವಸ್ಥೆಯ ಮೂಲಕ ನಡೆದ, ಬಂದೂಕು ಕೊಳ್ಳಲು ಬಯಸುವವರ ಹಿನ್ನೆಲೆ ಪರಿಶೀಲನೆಗಳು 3.9 ಕೋಟಿ ದಾಟಿದವು (ಇವೆಲ್ಲವೂ ಮಾರಾಟಗಳಲ್ಲ, ನಿಜ). ಹೊಸದಾಗಿ ಕೊಂಡವರಲ್ಲಿ ಮಹಿಳೆಯರೂ ಕಪ್ಪು ವರ್ಣೀಯರೂ ದೊಡ್ಡ ಸಂಖ್ಯೆಯಲ್ಲಿದ್ದರು. ಹೀಗಿರುವಾಗ ಬಂದೂಕು ಹೊಂದಿದವರೆಲ್ಲರನ್ನೂ ಒಂದೇ ಬಗೆಯವರೆಂದು ಚಿತ್ರಿಸುವುದು ಅನ್ಯಾಯ. ಕೈಲ್ ಮುಹೂರ್ತದಂದು ಕೋವಿಗೆ ಪೂಜೆ ಸಲ್ಲಿಸುವ ಕೊಡಗಿನ ಮನೆಗಳನ್ನು ಬಲ್ಲ ನಮಗೆ, ಆಯುಧದ ಮೇಲಿನ ಗೌರವವೇ ಬೇರೆ, ಹಿಂಸೆಯ ಮೋಹವೇ ಬೇರೆ ಎಂಬುದು ತಿಳಿಯದ ವಿಷಯವೇನಲ್ಲ. 2018ರಲ್ಲಿ ಮೇಲಿನ ಎರಡೂ ಸಂಸ್ಥೆಗಳು ಖರೀದಿಯ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿದವು. ಜವಾಬ್ದಾರಿಯುಳ್ಳ ಮಾಲೀಕರೂ ಒಪ್ಪಬಹುದಾದ ಅಂತಹ ಕ್ರಮಗಳ ಬಗ್ಗೆ ಲೇಖಕರು ಇನ್ನಷ್ಟು ಬರೆಯಬೇಕೆಂದು ಕೋರುತ್ತೇನೆ.