ನಕಾಶೆ ಕಂಡ ದಾರಿ

“ಅಲ್ಲಿ ಆಕ್ಟಿವಿಟಿ ಏನೇನಿದೆ?”

ಇಂಗ್ಲೆಂಡಿನ ಬೆಟ್ಟಸೀಮೆ ಲೇಕ್ ಡಿಸ್ಟ್ರಿಕ್ಟ್‌ನ ಹಳೆಯ ಇನ್ (ಊಟ, ವಸತಿ ಎರಡೂ ಇರುವ ತಂಗುಮನೆ) ಒಂದರಲ್ಲಿ ಎರಡು ರಾತ್ರಿ ಇದ್ದು ಬನ್ನಿ ಎಂದು ಊರಿಂದ ಬಂದವರಿಗೆ ಹೇಳಿದರೆ ಅವರು ಮೊದಲು ಕೇಳುವುದು ಇದನ್ನೇ. ನಡೆಯುವುದು ಎಂದರೆ, “ಅದು ಸರಿ, ಆಮೇಲೆ?” ಈ “ಆಮೇಲೆ” ಪ್ರತಿಸಲವೂ ಚುಚ್ಚುತ್ತದೆ. ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಹೋಮ್‌ಸ್ಟೇಗಳು ನಮ್ಮನ್ನು ಹಾಗೆ ಒಗ್ಗಿಸಿಬಿಟ್ಟಿವೆ. ಬೆಳಿಗ್ಗೆ ಜೀಪು, ಮಧ್ಯಾಹ್ನ ರೇನ್ ಡ್ಯಾನ್ಸು, ರಾತ್ರಿ ಕ್ಯಾಂಪ್‌ಫೈರು. ಎರಡು ದಿನ ಬೆಟ್ಟದ ಬುಡದಲ್ಲಿದ್ದು, ಬೆಟ್ಟದ ಮಣ್ಣು ಕಾಲಿಗೆ ಹತ್ತದೆ ವಾಪಸು ಬರುತ್ತೇವೆ. ಇದಕ್ಕೆ ಸೋಮಾರಿತನ ಕಾರಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಗೇಟು ದಾಟಿದರೆ ನಡೆಯಲು ದಾರಿ ಇಲ್ಲ.

ಗ್ರೇಟ್ ಲ್ಯಾಂಗ್‌ಡೇಲ್ ಕಣಿವೆಯ ಓಲ್ಡ್ ಡಂಜನ್ ಗಿಲ್ ಹೋಟೆಲನ್ನೇ ನೋಡಿ. ಮುನ್ನೂರಕ್ಕೂ ಹೆಚ್ಚು ವರ್ಷದಿಂದ ಇರುವ ಇನ್ ಇದು. ಇತಿಹಾಸಕಾರ ಜಿ. ಎಂ. ಟ್ರೆವೆಲ್ಯನ್ ಕೊಂಡು, ಹಳೆಯ ಕಟ್ಟಡ, ನೆಲಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಕೊಟ್ಟ ಕಟ್ಟಡ. ಅದರ ಹೈಕರ್ಸ್ ಬಾರ್ ಒಂದು ಕಾಲಕ್ಕೆ ದನದ ಕೊಟ್ಟಿಗೆಯಾಗಿತ್ತು. ಹಸು ಕಟ್ಟುತ್ತಿದ್ದ ಅಂಕಣಗಳನ್ನು ಕೆಡವದೆ ಅಲ್ಲೇ ಜನ ಕೂರುವಂತೆ ಮಾಡಿದ್ದಾರೆ. ಬಾರ್ ಎಂಬ ಹೆಸರಿಗೆ ಹಿಂಜರಿಯಬೇಡಿ. ಇಂಥ ಇನ್‌ಗಳಲ್ಲಿ ಮಕ್ಕಳು, ಅಜ್ಜಿಯಂದಿರು, ನಾಯಿಗಳು ಎಲ್ಲರೂ ಕೂತಿರುತ್ತಾರೆ, ಬರೀ ಟೀ ಕುಡಿದು ಎದ್ದರೂ ಯಾರೂ ಏನೂ ಅನ್ನುವುದಿಲ್ಲ.

ಹೋಗಲು ಕಾರು ಬೇಡ. ವಿಂಡರ್‌ಮಿಯರ್‌ವರೆಗೆ ರೈಲು, ಅಲ್ಲಿಂದ 555 ಅಥವಾ 599 ನಂಬರಿನ ಬಸ್ಸಿನಲ್ಲಿ ಆಂಬಲ್‌ಸೈಡ್ ಊರು, ಆಮೇಲೆ 516. ಈ ಕೊನೆಯ ಬಸ್ಸು ಇನ್‌ನ ಹತ್ತಿರವೇ ನಿಂತು ಹಿಂದಿರುಗುತ್ತದೆ. ದಿನಕ್ಕೆ ಕೆಲವೇ ಸಲ ಬರುವುದರಿಂದ ವೇಳಾಪಟ್ಟಿ ನೋಡಿಕೊಂಡೇ ರೈಲು ಬುಕ್ ಮಾಡಿ. ಶನಿವಾರ, ಭಾನುವಾರ ಇಂಥ ಕಡೆ ಒಂದೇ ರಾತ್ರಿಗೆ ಕೋಣೆ ಕೊಡುವುದು ಅಪರೂಪ.

ಇನ್ನು ದಾರಿಯ ವಿಷಯ. ಬೋಫೆಲ್ ಬೆಟ್ಟಕ್ಕೆ (902 ಮೀಟರ್) ಹೋಗುವವರು ಇನ್ ಬಿಟ್ಟು ಸ್ವಲ್ಪ ದೂರ ನಡೆದರೆ ಸ್ಟೂಲ್ ಎಂಡ್ ಎಂಬ ರೈತರ ಮನೆ ಸಿಗುತ್ತದೆ. ದಾರಿ ಆ ಮನೆಯ ಪಕ್ಕದಲ್ಲಿ ಸುತ್ತಿಹೋಗುವುದಿಲ್ಲ, ಅಂಗಳದೊಳಗೇ ಹಾಯುತ್ತದೆ. ನಾಯಿ ಬೊಗಳಬಹುದು, ಆದರೆ “ಎಲ್ಲಿಗೆ?” ಎಂದು ಯಾರೂ ಕೇಳುವುದಿಲ್ಲ. ಆ ದಾರಿಯಲ್ಲಿ ನಡೆಯುವುದು ಮನೆಯವರು ತೋರಿಸುವ ದೊಡ್ಡತನದಿಂದ ಸಿಕ್ಕ ಅವಕಾಶವಲ್ಲ, ಸಾರ್ವಜನಿಕರ ಹಕ್ಕು. 1949ರ ಕಾಯ್ದೆಯ ಪ್ರಕಾರ ಪ್ರತಿ ಕೌಂಟಿಯೂ ಇಂಥ ದಾರಿಗಳನ್ನು ಗುರುತಿಸಿ ಅಧಿಕೃತ ನಕಾಶೆ ಮಾಡಬೇಕಾಯಿತು. ಒಮ್ಮೆ ಅದರಲ್ಲಿ ಸೇರಿದ ಮೇಲೆ ಜಮೀನು ಯಾರ ಕೈಗೆ ಹೋದರೂ ದಾರಿ ಉಳಿಯುತ್ತದೆ. ಜನ 20 ವರ್ಷ ತಡೆಯಿಲ್ಲದೆ ಓಡಾಡಿದ ದಾರಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟದ್ದೆಂದೇ 1980ರ ಹೆದ್ದಾರಿ ಕಾಯ್ದೆ ಭಾವಿಸುತ್ತದೆ. ಇಂಗ್ಲೆಂಡ್, ವೇಲ್ಸ್ ಸೇರಿ ಇಂಥ ದಾರಿಗಳ ಉದ್ದ ಸುಮಾರು 2,25,000 ಕಿಲೋಮೀಟರ್. ಇದೆಲ್ಲ ಪುಕ್ಕಟೆ ಬಂದದ್ದೂ ಅಲ್ಲ. 1932ರ ಏಪ್ರಿಲ್ 24ರಂದು ಜಮೀನ್ದಾರರು ಜನರಿಗೆ ಮುಚ್ಚಿದ್ದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಗುಂಪಾಗಿ ನುಗ್ಗಿದ ಕಾರ್ಮಿಕ ಹುಡುಗರಲ್ಲಿ ಐವರು ಜೈಲಿಗೆ ಹೋದರು.

ಹಾಗಾಗಿ ಇನ್‌ನ ಮೇಜಿನ ಮೇಲೆ ಬಿಚ್ಚಬೇಕಾದದ್ದು ನಕಾಶೆ. ಬ್ರಿಟನ್ನಿನ ಸರ್ಕಾರಿ ನಕಾಶೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ಹಾಳೆ ಓಎಲ್ 6 ಸಾಕು. 4 ಸೆಂಟಿಮೀಟರಿಗೆ 1 ಕಿಲೋಮೀಟರ್. ಹಸಿರು ಬಣ್ಣದ ಸಣ್ಣ ತುಂಡುಗೆರೆ ಕಾಲುದಾರಿ, ಉದ್ದ ತುಂಡುಗೆರೆ ಕುದುರೆಗೂ ಸೈಕಲ್ಲಿಗೂ ಬಿಟ್ಟ ದಾರಿ. ಕಪ್ಪು ತುಂಡುಗೆರೆ ಕಂಡರೆ ನೆಲದ ಮೇಲೆ ಸವೆದ ಜಾಡಿದೆ ಎಂದಷ್ಟೇ ಅರ್ಥ, ಹಕ್ಕಿದೆ ಎಂದಲ್ಲ. ತಿಳಿ ಹಳದಿ ಬಳಿದ ಕಡೆ 2000ದ ಕಾಯ್ದೆಯಂತೆ ದಾರಿ ಬಿಟ್ಟೂ ಅಡ್ಡಾಡಬಹುದು. ಮೊಬೈಲ್ ನಕಾಶೆ ಇದ್ದರೂ ಹಾಳೆ ಬೇಕೇ ಬೇಕು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಒದ್ದೆ ಬೆರಳಿಗೆ ಪರದೆ ಮಣಿಯುವುದಿಲ್ಲ.

ಹೊತ್ತಿನ ಲೆಕ್ಕಕ್ಕೆ 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಹೇಳಿದ ಸೂತ್ರ ಇಂದಿಗೂ ನಡೆಯುತ್ತದೆ. 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಸ್ಟೂಲ್ ಎಂಡ್ ದಾಟಿ, ಬ್ಯಾಂಡ್ ಎಂಬ ನೀಳವಾದ ಬೆಟ್ಟದ ಬೆನ್ನು ಹತ್ತಿ ಬೋಫೆಲ್ ತುದಿಗೆ ಸುಮಾರು 5 ಕಿಲೋಮೀಟರ್ ದೂರ, 800 ಮೀಟರ್ ಏರು: ಎರಡು ಗಂಟೆ ಇಪ್ಪತ್ತು ನಿಮಿಷ. ಇದು ನಿಲ್ಲದೆ ನಡೆಯುವವರ ಲೆಕ್ಕ. ವಾರವಿಡೀ ಕುರ್ಚಿಯಲ್ಲಿ ಕೂರುವವರು ಅದರ ಅರ್ಧ ಸೇರಿಸಿಕೊಳ್ಳಬೇಕು, ಇಳಿಯಲು ಎರಡೂವರೆ ಗಂಟೆ ಬೇರೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ ಎಂಬುದನ್ನು ಮರೆತೇ ನಮ್ಮವರು ಹತ್ತೂವರೆಗೆ ತಿಂಡಿ ಮುಗಿಸಿ ಹೊರಡುತ್ತಾರೆ.

ತಪ್ಪು ನಡೆಯುವ ಜಾಗವೂ ಗೊತ್ತಿರುವುದೇ. ಬ್ಯಾಂಡ್ ಏರಿದರೆ ತ್ರೀ ಟಾರ್ನ್ಸ್ ಎಂಬ ಪುಟ್ಟ ಕೊಳಗಳಿರುವ ತಗ್ಗು ಸಿಗುತ್ತದೆ. ತುದಿಯಿಂದ ಹಿಂದಿರುಗುವಾಗ ಮಂಜು ಕವಿದಿದ್ದರೆ ಇಲ್ಲಿ ಪೂರ್ವಕ್ಕೆ ಇಳಿಯಬೇಕಾದವರು ಪಶ್ಚಿಮಕ್ಕೆ ಇಳಿದುಬಿಡುತ್ತಾರೆ. ಅರ್ಧ ಗಂಟೆ ಇಳಿದಮೇಲೆ ಗೊತ್ತಾಗುತ್ತದೆ, ಇದು ಎಸ್ಕ್‌ಡೇಲ್, ಬೇರೆಯೇ ಕಣಿವೆ. ಅಲ್ಲಿಂದ ಇನ್‌ಗೆ ರಸ್ತೆಯಲ್ಲಿ ಬರಬೇಕೆಂದರೆ ಹಾರ್ಡ್‌ನಾಟ್, ರೈನೋಸ್ ಎರಡು ಘಾಟಿ ದಾಟಬೇಕು. ಕೊಳದ ಹತ್ತಿರ ನಿಂತು ದಿಕ್ಸೂಚಿ ನೋಡಲು ಒಂದು ನಿಮಿಷ ಸಾಕು.

ಮಳೆಯ ಬಗ್ಗೆ ನಮ್ಮವರಿಗೊಂದು ಹಮ್ಮಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ಇಲ್ಲಿಯ ಅತಿ ಹೆಚ್ಚು ಮಳೆಯ ಊರು ಸೀತ್‌ವೇಟ್‌ನಲ್ಲಿ 3,000 ಮೀರುತ್ತದೆ, ಅಷ್ಟೆ. ಆದರೆ ನಮ್ಮ ಮಳೆ ನೆನೆಸುತ್ತದೆ, ಇಲ್ಲಿಯದು ಗಾಳಿಯ ಜೊತೆ ಅಡ್ಡಡ್ಡ ಬಂದು ಮೈಯ ಕಾವನ್ನೇ ತೆಗೆಯುತ್ತದೆ. ಬುಡದಲ್ಲಿ 12 ಡಿಗ್ರಿ ಇದ್ದರೆ ತುದಿಯಲ್ಲಿ ಆರೋ ಏಳೋ. ಹತ್ತಿಯ ಬಟ್ಟೆ ನೀರು ಹೀರಿ ಒಣಗುವುದೇ ಇಲ್ಲ, ಜೀನ್ಸ್ ಅಂತೂ ಬೇಡವೇ ಬೇಡ. ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಗೆ, ನೀರು ತಡೆಯುವ ಕೋಟು, ಪ್ಯಾಂಟು ಎರಡೂ ಹೊರಗೆ. ತಲೆಗೆ ಕಟ್ಟುವ ಟಾರ್ಚು, ಸೀಟಿ. ಅಪಾಯವಾದರೆ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಫೋನ್ ಸಿಕ್ಕರೆ 999ಕ್ಕೆ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಕೇಳಬೇಕು. ಬರುವವರು ಸ್ವಯಂಸೇವಕರು, ಒಂದು ಪೌಂಡೂ ತೆಗೆದುಕೊಳ್ಳುವುದಿಲ್ಲ.

ಒದ್ದೆ ಬೂಟನ್ನು ಹೀಟರಿಗೋ ಬೆಂಕಿಗೋ ಒತ್ತಿ ಇಡಬೇಡಿ. ಅಟ್ಟೆಯ ಅಂಟು ಬಿಡುತ್ತದೆ, ಚರ್ಮ ಬಿರಿಯುತ್ತದೆ. ಹಳೇ ಪೇಪರ್ ತುರುಕಿ, ಗಂಟೆ ಬಿಟ್ಟು ಬದಲಾಯಿಸಿದರೆ ಬೆಳಿಗ್ಗೆಗೆ ಹಾಕುವಂತಾಗುತ್ತದೆ. ಬುತ್ತಿ ಬೇಕಿದ್ದರೆ ಹಿಂದಿನ ರಾತ್ರಿಯೇ ಹೇಳಿಡಬೇಕು. ಮನೆಯಿಂದ ತಂದ ಪುಳಿಯೋಗರೆ ಇಂಥ ಚಳಿಗೆ ಎರಡು ದಿನ ಕೆಡುವುದಿಲ್ಲ, ಫ್ಲಾಸ್ಕಿಗೆ ಬಿಸಿನೀರು ಕೇಳಿದರೆ ಕೊಡುತ್ತಾರೆ.

ಮಳೆ ಬಿಡದಿದ್ದರೆ ಬೋಫೆಲ್ ಬಿಟ್ಟು ಮಿಕಲ್‌ಡೆನ್ ಕಣಿವೆಯ ಸಪಾಟು ದಾರಿ ಹಿಡಿಯಿರಿ. ಬಲಕ್ಕೆ ಪೈಕ್ ಆಫ್ ಸ್ಟಿಕಲ್ ನೆಟ್ಟಗೆ ನಿಂತಿರುತ್ತದೆ. ಶಿಲಾಯುಗದ ಜನ ಅಲ್ಲಿಯ ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು, ನಮ್ಮ ಬಳ್ಳಾರಿಯ ಸಂಗನಕಲ್ಲಿನಲ್ಲಿ ಮಾಡುತ್ತಿದ್ದ ಹಾಗೆಯೇ.

ಹೊಟ್ಟೆ ಉರಿಯುವುದು ಇಲ್ಲಿ. ಇಂಗ್ಲೆಂಡಿನ ದಾರಿ ನಕಾಶೆಗೆ ಸಮನಾದದ್ದು ನಮ್ಮಲ್ಲೂ ಇದೆ. ಪ್ರತಿ ಕಂದಾಯ ಗ್ರಾಮಕ್ಕೂ ಗ್ರಾಮನಕಾಶೆ ಇದೆ, ಅದರಲ್ಲಿ ಕಾಲುದಾರಿ, ಬಂಡಿದಾರಿ ಎರಡನ್ನೂ ಗುರುತಿಸಿದೆ. “ನಕಾಶೆ ಕಂಡ ದಾರಿ” ಎಂಬ ಮಾತು ಪ್ರತಿ ತಾಲ್ಲೂಕು ಕಚೇರಿಯಲ್ಲೂ ಕೇಳಿಸುತ್ತದೆ. ಮುಚ್ಚಿದರೆ ತೆರೆಸಿಕೊಡಿ ಎಂದು ತಹಶೀಲ್ದಾರರಿಗೆ ಅರ್ಜಿ ಹಾಕಬಹುದು. ಆದರೆ ಆ ಅರ್ಜಿ ಹಾಕುವವರು ಗದ್ದೆಗೆ ಗಾಡಿ ಒಯ್ಯಲಾಗದ ಪಕ್ಕದ ಜಮೀನಿನವರು ಮಾತ್ರ. ಊರಿಂದೂರಿಗೆ ನಡೆಯುವವರ ದಾರಿ ಎಂದು ಅದನ್ನು ಯಾರೂ ನೋಡಲಿಲ್ಲ, ಒಂದು ಹಸಿರು ಗೆರೆ ಎಳೆದು ಅಚ್ಚು ಹಾಕಿ ಮಾರಲಿಲ್ಲ. ಎಸ್ಟೇಟಿನ ಬೇಲಿ ಮುಂದೆ ಬಂದಹಾಗೆಲ್ಲ ಚುಕ್ಕೆಗೆರೆ ಹಾಳೆಯ ಮೇಲಷ್ಟೇ ಉಳಿಯಿತು. 1,900 ಮೀಟರ್ ಮೀರಿದ ಮುಳ್ಳಯ್ಯನಗಿರಿಗೆ ಜನ ಹೋಗುವುದು ಕಾರಿನಲ್ಲಿ, ಕೊನೆಯ ಮೆಟ್ಟಿಲಷ್ಟೇ ಹತ್ತುತ್ತಾರೆ.

ಒಪ್ಪಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಪುಷ್ಪಗಿರಿಯ ಕಾಡಿನಲ್ಲಿ ಆನೆ ಇದೆ, ಲ್ಯಾಂಗ್‌ಡೇಲ್‌ನಲ್ಲಿರುವುದು ಹರ್ಡ್‌ವಿಕ್ ಕುರಿ. ನಮ್ಮ ಬೆಟ್ಟಗಳಿಗೆ ಗೈಡು, ಅನುಮತಿ ಬೇಕೆಂದರೆ ಅದರಲ್ಲಿ ಅರ್ಥವಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಆನ್‌ಲೈನ್ ಬುಕಿಂಗ್ ಬಂದದ್ದೂ ತಪ್ಪಲ್ಲ. ಇಂಗ್ಲೆಂಡಿನಲ್ಲೂ ದಾರಿ ಬಿಟ್ಟು ಅಡ್ಡಾಡುವ ಹಕ್ಕಿರುವುದು ನೆಲದ ಸುಮಾರು ನೂರಕ್ಕೆ ಎಂಟರಷ್ಟರಲ್ಲಿ ಮಾತ್ರ.

ಮತ್ತೆ ಊಟ. ಇಲ್ಲಿ ಕೌಂಟರಿಗೆ ಹೋಗಿ, ಮೇಜಿನ ನಂಬರು ಹೇಳಿ, ದುಡ್ಡು ಕೊಟ್ಟೇ ಬಂದು ಕೂರಬೇಕು, ಮತ್ತು ಅಡುಗೆಮನೆ ರಾತ್ರಿ ಎಂಟೂವರೆಗೋ ಒಂಬತ್ತಕ್ಕೋ ಮುಚ್ಚುತ್ತದೆ. ಮಂಜಿನಲ್ಲಿ ದಾರಿ ತಪ್ಪಿ ಒಂಬತ್ತೂಕಾಲಿಗೆ ನಡುಗುತ್ತ ಬಂದವರಿಗೆ ಸಿಗುವುದು ಚಿಪ್ಸ್ ಪೊಟ್ಟಣ. ಕುಮಾರ ಪರ್ವತದ ಅರ್ಧದಾರಿಯ ಭಟ್ಟರ ಮನೆಯಲ್ಲಿ ಸಿಗುವುದು ಅನ್ನ, ಸಾರು, ಮಜ್ಜಿಗೆ. ಆಗುಂಬೆಯ ದೊಡ್ಡಮನೆಯಲ್ಲಿ ಉಂಡೆದ್ದವರ ಮುಂದೆ ಬಿಲ್ಲನ್ನೇ ಇಡುವುದಿಲ್ಲ, ಮನಸ್ಸಿಗೆ ಬಂದಷ್ಟು ಕೊಟ್ಟು ಬರುತ್ತಾರೆ. ಅಂಥ ಜಗಲಿಗಳು ನಮ್ಮಲ್ಲಿ ಇನ್ನೂ ಇವೆ. ಮೆಟ್ಟಿಲಿಳಿದರೆ ಮುಂದಿನ ಊರಿಗೆ ಕಾಲುದಾರಿ ಎಂದು ಹಲಗೆ ಹೊಡೆದ ಒಂದು ಕಂಬ ಆ ಅಂಗಳದಲ್ಲಿ ಇದ್ದಿದ್ದರೆ, ಲ್ಯಾಂಗ್‌ಡೇಲ್‌ಗೆ ಹೋಗಿ ಎಂದು ಊರಿನವರಿಗೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.