ಮೈನಸ್ ಇಪ್ಪತ್ತರ ಚೀಲ

ಬೆಂಗಳೂರಿನಲ್ಲಿ ಇಪ್ಪತ್ತೆರಡು ವರ್ಷ ಕಳೆದ ಮನುಷ್ಯ ಚಳಿಯ ಬಗ್ಗೆ ಬಾಯಿ ಬಿಡಬಾರದು. ಈ ಊರಿನ ಲೆಕ್ಕದ ಪುಸ್ತಕದಲ್ಲಿರುವ ಅತಿ ದೊಡ್ಡ ಚಳಿ 7.8 ಡಿಗ್ರಿ. ಅದೂ 1884ರ ಜನವರಿಯದ್ದು. ಆಗಿನವರು ಹೇಗೋ ಕಾಲ ಹಾಕಿದರು. ನಾವು 16 ಡಿಗ್ರಿ ಆದರೆ ಸಾಕು, ಮಂಕಿ ಕ್ಯಾಪ್ ಹಾಕಿಕೊಂಡು ಹಾಲು ತರಲು ಹೋಗುತ್ತೇವೆ. ಇಂಥ ನಾನು ಡಿಸೆಂಬರಿನಲ್ಲಿ ಕೇದಾರಕಂಠ ಹತ್ತಲು ಹೊರಟೆ.

ಉತ್ತರಾಖಂಡದ ಈ ಬೆಟ್ಟ ಸುಮಾರು 12,500 ಅಡಿ. ಕೇದಾರನಾಥ ಬೇರೆ, ಕೇದಾರಕಂಠ ಬೇರೆ ಅಂತ ರಾಣೆಬೆನ್ನೂರಿನಲ್ಲಿರುವ ಅಮ್ಮನಿಗೆ ಮೂರು ಸಲ ಹೇಳಿದೆ. ಡಿಸೆಂಬರಿನಲ್ಲಿ ಕೇದಾರನಾಥನ ಬಾಗಿಲೇ ಮುಚ್ಚಿರುತ್ತದೆ ಅಂತಲೂ ಹೇಳಿದೆ. "ಇರಲಿ ತಗೋ, ಹೊರಗಿಂದನ ಕೈ ಮುಗದು ಬಾ" ಅಂದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. "ಗುಡಾರದಾಗ ಮಲಗತೀರಿ ಅಂತಿ. ಕೆಳಗ ಏನ್ ಹಾಸ್ಕೊಂತೀರಿ?"

ಮೇಲೆ ಏನು ಹೊದ್ದುಕೊಳ್ಳುವುದು ಅಂತ ಎರಡು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದವನಿಗೆ ಈ ಪ್ರಶ್ನೆ ಹಳ್ಳಿಯದ್ದು ಅನ್ನಿಸಿತು. "ಅದೆಲ್ಲ ಅವರೇ ಕೊಡ್ತಾರಮ್ಮ" ಅಂದು ಫೋನ್ ಇಟ್ಟೆ.

ಅಸಲಿಗೆ ಸ್ಲೀಪಿಂಗ್ ಬ್ಯಾಗನ್ನೂ ಟ್ರೆಕ್ಕಿನವರೇ ಕೊಡುತ್ತಿದ್ದರು. ಅವರು ಕಳಿಸಿದ ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆದರೆ ಯಾರ್‍ಯಾರೋ ಬೆವರು ಸುರಿಸಿದ ಚೀಲದಲ್ಲಿ ನಾನು ಮಲಗುವುದೇ? ಕಾಲೇಜು ದಿನಗಳಲ್ಲಿ ಹಾಸ್ಟೆಲಿನ ಒಂದೇ ರಗ್ಗನ್ನು ಮೂವರು ಎಳೆದಾಡಿದ್ದು ಆ ಹೊತ್ತಿಗೆ ನೆನಪಾಗಲಿಲ್ಲ. ಸ್ವಂತದ್ದೇ ಬೇಕು ಅಂತ ಹಟ ಹಿಡಿದೆ. ಹೆಂಡತಿ ಒಂದೇ ಮಾತು ಹೇಳಿದಳು. "ನಂಗೆ ಅವರದ್ದೇ ಸಾಕು ರೀ. ಒಳಗಡೆಗೆ ಒಂದು ಬೆಡ್‌ಶೀಟ್ ಚೀಲ ಹೊಲ್ಕೋತೀನಿ." ಹಳೇ ಬೆಡ್‌ಶೀಟನ್ನು ಉದ್ದಕ್ಕೆ ಮಡಚಿ, ಎರಡು ಕಡೆ ಹೊಲಿಗೆ ಹಾಕಿ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದಳು. ಖರ್ಚು ಒಂದು ಉಂಡೆ ದಾರ.

ನಾನು ಅಂಗಡಿಗೆ ಹೋದೆ. ಆಗಸ್ಟಿನಲ್ಲಿ, ಡಿಸ್ಕೌಂಟ್ ಇದೆ ಅಂತ.

ಅಲ್ಲಿನ ಹುಡುಗ ಮೊದಲು ತೋರಿಸಿದ್ದು ಡೌನ್ ಬ್ಯಾಗ್. ಒಳಗೆ ಬಾತುಕೋಳಿಯ ಎದೆಯ ತುಪ್ಪುಳ. ಕೈಗೆತ್ತಿಕೊಂಡರೆ ಭಾರವೇ ಇಲ್ಲ. ಹಿಂಡಿದರೆ ತೆಂಗಿನಕಾಯಿ ಗಾತ್ರಕ್ಕೆ ಬಂತು. ಬಿಟ್ಟರೆ ಹಿಟ್ಟು ಹುಳಿ ಬಂದ ಹಾಗೆ ಉಬ್ಬಿತು. ಒಂದು ಔನ್ಸ್, ಅಂದರೆ 28 ಗ್ರಾಂ ತುಪ್ಪುಳ ಎಷ್ಟು ಘನ ಅಂಗುಲ ಜಾಗಕ್ಕೆ ಉಬ್ಬಿಕೊಳ್ಳುತ್ತದೋ ಅದೇ ಅದರ ದರ್ಜೆಯಂತೆ. 600, 700, 800 ಹೀಗೆ. ಉಬ್ಬಿದಷ್ಟೂ ಒಳಗೆ ಗಾಳಿ ನಿಲ್ಲುತ್ತದೆ, ಆ ನಿಂತ ಗಾಳಿಯೇ ಚಳಿಯನ್ನು ತಡೆಯುವುದು. ಒದ್ದೆಯಾದರೆ ಮಾತ್ರ ತುಪ್ಪುಳ ಮುದ್ದೆಯಾಗಿ ಕೆಲಸ ಕೆಡುತ್ತದೆ. ಅದಕ್ಕೇ ಸಿಂಥೆಟಿಕ್ ನಾರಿನದ್ದೂ ಇರುತ್ತದೆ. ಭಾರ ಜಾಸ್ತಿ, ಆದರೆ ಸ್ವಲ್ಪ ಒದ್ದೆಯಾದರೂ ಪರವಾಗಿಲ್ಲ.

ಡೌನ್ ಬ್ಯಾಗಿನ ಬೆಲೆಯ ಚೀಟಿ ತಿರುಗಿಸಿ ನೋಡಿದೆ. ಹಾಗೇ ಮಡಚಿ ಇಟ್ಟೆ. ಸಿಂಥೆಟಿಕ್ ಕಡೆ ನಡೆದೆ. ಪಕ್ಷಿಗಳ ಮೇಲಿನ ದಯೆಯಿಂದ ಅಂತ ಅಮ್ಮನಿಗೆ ಹೇಳಿದ್ದೇನೆ. ದಯವಿಟ್ಟು ಯಾರೂ ತಿದ್ದಲು ಹೋಗಬೇಡಿ.

"ಇದು ತಗೊಳ್ಳಿ ಸಾರ್, ಮೈನಸ್ ಟ್ವೆಂಟಿ" ಅಂದ ಹುಡುಗ. ಚೀಲದ ಮೇಲೂ ದೊಡ್ಡ ಅಕ್ಷರದಲ್ಲಿ −20 ಅಂತ ಇತ್ತು. ನನ್ನ ಎದೆ ಎರಡಿಂಚು ಉಬ್ಬಿತು. ನಾವು ಹೋಗುವ ಕಡೆ ಚಳಿ ಮೈನಸ್ ಹತ್ತು ಅಂತ ಇಟ್ಟುಕೊಂಡರೂ ಹತ್ತು ಡಿಗ್ರಿ ಉಳಿತಾಯ!

ಒಮ್ಮೆ ಒಳಗೆ ಮಲಗಿ ನೋಡೋಣ ಅಂದೆ. ಅಂಗಡಿಯ ನೆಲದ ಮೇಲೇ ಹಾಸಿದರು. ಇವುಗಳಿಗೆ ಮಮ್ಮಿ ಬ್ಯಾಗ್ ಅನ್ನುತ್ತಾರೆ. ತಾಯಿಗೆ ಸಂಬಂಧವಿಲ್ಲ, ಈಜಿಪ್ಟಿನ ಶವಕ್ಕೆ ಸಂಬಂಧ. ಭುಜದ ಹತ್ತಿರ ಅಗಲ, ಕಾಲಿನ ಹತ್ತಿರ ಕಿರಿದು, ತಲೆಗೊಂದು ಟೋಪಿ. ಹುಡುಗ ಜಿಪ್ ಎಳೆದ. ಎದೆಯ ಹತ್ತಿರ ಬಂದು ಒಳಗಿನ ಬಟ್ಟೆಯನ್ನು ಕಚ್ಚಿಕೊಂಡು ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಕೂತ ಹಾಗೆ ನಾನು ಕೂತೆ, ಅಲ್ಲ, ಮಲಗಿದೆ. ಗಿರಾಕಿಗಳು ನನ್ನನ್ನು ದಾಟಿಕೊಂಡು ಬ್ಯಾಡ್ಮಿಂಟನ್ ರಾಕೆಟ್ ನೋಡಲು ಹೋಗುತ್ತಿದ್ದರು. ಒಂದು ಮಗು ಕೇಳಿತು. "ಅಪ್ಪಾ, ಆ ಅಂಕಲ್‌ಗೆ ಏನಾಯ್ತು?" ಅಪ್ಪ ಅದರ ಕೈ ಹಿಡಿದು ಸರಸರ ಎಳೆದುಕೊಂಡು ಹೋದ.

ಹತ್ತು ನಿಮಿಷ ಹೀಗೆ ಮಲಗಿ ಎದ್ದವನು ಬರಿಗೈಯಲ್ಲಿ ಹೋಗುವುದು ಹೇಗೆ? ಸಂಕೋಚಕ್ಕೇ ಕೊಂಡೆ. ಅದರಲ್ಲೂ ಒಂದು ಸೈಜ್ ದೊಡ್ಡದು. ನಮ್ಮ ಮನೆಯಲ್ಲಿ ಸ್ಕೂಲ್ ಯೂನಿಫಾರ್ಮ್‌ನಿಂದ ಹಿಡಿದು ಮದುವೆ ಕೋಟಿನವರೆಗೆ ಎಲ್ಲವನ್ನೂ ಸಡಿಲವಾಗಿಯೇ ಕೊಂಡಿದ್ದು. "ಮುಂದೆ ಬೇಕಾಗುತ್ತೆ" ಅನ್ನುವುದು ರಕ್ತದಲ್ಲಿದೆ. ನಲವತ್ತಾರರಲ್ಲಿ ನಾನು ಯಾವ ಕಡೆಗೆ ಬೆಳೆಯಲಿದ್ದೆ ಅನ್ನುವುದು ಬೇರೆ ಮಾತು.

ಮನೆಗೆ ತಂದ ಚೀಲ ಅಟ್ಟ ಸೇರಿತು. ಅದರ ಪುಟ್ಟ ಕವರಿನಲ್ಲಿ ಹಿಂಡಿ ಕಟ್ಟಿದ ಹಾಗೇ, ಗೌರಿ ಹಬ್ಬದ ಪಾತ್ರೆಗಳ ಕೆಳಗೆ, ನಾಲ್ಕು ತಿಂಗಳು. ಇಂಥ ಚೀಲಗಳನ್ನು ಬಿಚ್ಚಿ ಸಡಿಲವಾಗಿ ತೂಗುಹಾಕಬೇಕಂತೆ. ಹಿಂಡಿಟ್ಟರೆ ಒಳಗಿನ ನಾರು ಮುರಿದು ಮತ್ತೆ ಉಬ್ಬುವುದಿಲ್ಲವಂತೆ. ಇದು ನನಗೆ ಗೊತ್ತಾದದ್ದು ರೈಲಿನಲ್ಲಿ.

ರೈಲಿನಲ್ಲಿ ಇನ್ನೂ ಒಂದು ಗೊತ್ತಾಯಿತು. ಹೊತ್ತು ಹೋಗದೆ ಚೀಲದ ಒಳಗೆ ಹೊಲಿದಿದ್ದ ಸಣ್ಣ ಬಿಳಿ ಪಟ್ಟಿ ಓದಿದೆ. ಅಲ್ಲ, ಓದಿದ್ದು ಹೆಂಡತಿ. ನನ್ನ ಕನ್ನಡಕ ಬ್ಯಾಗಿನ ತಳದಲ್ಲಿತ್ತು.

"ರೀ, ಇಲ್ಲಿ ಮೂರು ನಂಬರ್ ಇದೆ. ಕಂಫರ್ಟ್ ಸೊನ್ನೆ. ಲಿಮಿಟ್ ಮೈನಸ್ ಐದು. ಎಕ್ಸ್‌ಟ್ರೀಮ್ ಮೈನಸ್ ಇಪ್ಪತ್ತು."

"ಅಂದ್ರೆ?"

ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. ಇದಕ್ಕೊಂದು ಅಂತರರಾಷ್ಟ್ರೀಯ ಮಾನದಂಡವಿದೆ, ಐಎಸ್ಒ 23537. ಲ್ಯಾಬಿನಲ್ಲಿ ಬಿಸಿ ಮಾಡಿದ ಬೊಂಬೆಯನ್ನು ಚೀಲದಲ್ಲಿ ಮಲಗಿಸಿ, ಅದರ ಮೈಯಿಂದ ಎಷ್ಟು ಶಾಖ ಸೋರುತ್ತದೆ ಅಂತ ಅಳೆಯುತ್ತಾರೆ. ಆ ಅಳತೆಯಿಂದ ಲೆಕ್ಕ ಹಾಕಿ ಈ ನಂಬರುಗಳನ್ನು ತೆಗೆಯುತ್ತಾರೆ. ಕಂಫರ್ಟ್ ಅಂದರೆ ಒಬ್ಬ ಹೆಂಗಸು ಕೈಕಾಲು ಸಡಿಲ ಬಿಟ್ಟು ಆರಾಮಾಗಿ ನಿದ್ದೆ ಮಾಡಬಹುದಾದ ಚಳಿ. ಲಿಮಿಟ್ ಅಂದರೆ ಒಬ್ಬ ಗಂಡಸು ಮುದುಡಿಕೊಂಡು ಹೇಗೋ ಎಂಟು ಗಂಟೆ ತಳ್ಳಬಹುದಾದ ಚಳಿ. ಎಕ್ಸ್‌ಟ್ರೀಮ್ ಅಂದರೆ ನಿದ್ದೆಯ ಮಾತೇ ಇಲ್ಲ. ಆರು ಗಂಟೆ ಜೀವ ಉಳಿದೀತು, ಅಷ್ಟೇ.

"ಅಂದ್ರೆ ನೀವು ಕೊಂಡಿರೋದು ಜೀವ ಉಳಿಸೋ ನಂಬರು" ಅಂದಳು. ಪಕ್ಕದ ಸೀಟಿನ ಪಂಜಾಬಿ ಯಜಮಾನರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ನಕ್ಕರು.

ಆ ಲೆಕ್ಕದ ಗಂಡಸಿಗೆ 25 ವರ್ಷ, ತೂಕ 73 ಕೆಜಿ. ನನಗೆ ಅವನಿಗಿಂತ 21 ವರ್ಷ ಜಾಸ್ತಿ, 11 ಕೆಜಿ ಜಾಸ್ತಿ. ಕೆಜಿಯಾದರೂ ಉಪಯೋಗಕ್ಕೆ ಬಂದೀತು ಅಂತ ಸಮಾಧಾನ ಮಾಡಿಕೊಂಡೆ.

ಡೆಹ್ರಾಡೂನಿನಿಂದ ಸಾಂಕ್ರಿ ಹಳ್ಳಿಗೆ ಸುಮಾರು 200 ಕಿಲೋಮೀಟರ್. ಮಸ್ಸೂರಿ, ಪುರೋಲಾ, ಮೋರಿ ದಾಟಿಕೊಂಡು ಹೋಗುವಷ್ಟರಲ್ಲಿ ಇಡೀ ದಿನ ಮುಗಿಯುತ್ತದೆ. ಹೊಟ್ಟೆ ತಿರುವಿಗೊಂದು ಸಲ ಗಂಟಲಿಗೆ ಬಂದು ಹೋಗುತ್ತದೆ. ಆ ಪ್ರಯಾಣದ ಬಗ್ಗೆ ಇಷ್ಟು ಸಾಕು.

ಮರುದಿನದ ಕ್ಯಾಂಪ್ ಜೂಡಾ ಕಾ ತಾಲಾಬ್ ಅನ್ನುವ ಕೊಳದ ಹತ್ತಿರ, ಸುಮಾರು 9,000 ಅಡಿ ಎತ್ತರದಲ್ಲಿ. ಕೊಳದ ನೀರು ಹೆಪ್ಪುಗಟ್ಟಿತ್ತು. ಸುತ್ತ ಎತ್ತರದ ಮರಗಳು, ಹಿಮ. ಬಹಳ ಚೆಂದ. ಚೆಂದ ಅಂತ ನೋಡುತ್ತಾ ಎರಡು ಗಂಟೆ ಹೊರಗೇ ನಿಂತೆ. ರಾತ್ರಿ ಎದ್ದು ಹೊರಗೆ ಹೋಗುವ ತಾಪತ್ರಯ ಬೇಡ ಅಂತ ಊಟ ಅರ್ಧಕ್ಕೆ ಬಿಟ್ಟೆ, ನೀರು ಒಂದೇ ಗುಟುಕು. ನನ್ನ ಪ್ರಕಾರ ಇದು ಮುಂದಾಲೋಚನೆ.

ಎಂಟು ಗಂಟೆಗೆ ಚೀಲ ಬಿಚ್ಚಿದೆ. ಆರಿದ ದೋಸೆಯ ಹಾಗೆ ಬಿದ್ದುಕೊಂಡಿತು. ಕೊಡವಿದೆ, ತಟ್ಟಿದೆ, ಏಳಲಿಲ್ಲ. ಒಳಗೆ ಹೊಕ್ಕು ಬೆಚ್ಚಗಾಗಲಿ ಅಂತ ಕಾದೆ. ಒಂಬತ್ತಾಯಿತು. ಹತ್ತಾಯಿತು. ಚೀಲ ನನ್ನನ್ನು ಬೆಚ್ಚಗೆ ಮಾಡಲಿ ಅಂತ ನಾನು, ನಾನು ಅದನ್ನು ಬೆಚ್ಚಗೆ ಮಾಡಲಿ ಅಂತ ಅದು. "ಪೆಹಲೇ ಆಪ್" ಅನ್ನುವ ಲಖನೌ ನವಾಬರ ಹಾಗೆ ಇಬ್ಬರೂ ಕಾಯುತ್ತಾ ಮಲಗಿದ್ದೆವು.

ಆ ಕತ್ತಲಲ್ಲಿ ನನಗೆ ಹೊಳೆಯಿತು. ಇದು ಹೀಟರ್ ಅಲ್ಲ, ಫ್ಲಾಸ್ಕು. ಬಿಸಿ ಕಾಫಿ ಹಾಕಿದರೆ ಬಿಸಿ, ತಣ್ಣೀರು ಹಾಕಿದರೆ ತಣ್ಣೀರು. ಎರಡು ಗಂಟೆ ಹಿಮದಲ್ಲಿ ನಿಂತು, ಅರೆಹೊಟ್ಟೆಯಲ್ಲಿ ಬಂದು ಹೊಕ್ಕವನು ತಣ್ಣೀರೇ ಅಲ್ಲವೇ. ಸಾಲದ್ದಕ್ಕೆ ಒಂದು ಸೈಜ್ ದೊಡ್ಡ ಚೀಲ. ಒಳಗೆ ಇನ್ನೊಬ್ಬ ಸಣಕಲ ಮಲಗುವಷ್ಟು ಖಾಲಿ ಜಾಗ. ಅಷ್ಟು ಗಾಳಿಯನ್ನೂ ಬಿಸಿ ಮಾಡಬೇಕಾದವನು ನಾನೇ. ಕೆಳಗಡೆಯ ಕಥೆ ಇನ್ನೂ ಬೇರೆ. ಬೆನ್ನಿನ ಕೆಳಗಿನ ನಾರೆಲ್ಲ ನನ್ನ 84 ಕೆಜಿಗೆ ಅಪ್ಪಚ್ಚಿಯಾಗಿತ್ತು. ಟೆಂಟಿನಲ್ಲಿ ಕೊಟ್ಟಿದ್ದ ಫೋಮ್ ಮ್ಯಾಟ್ ಹಪ್ಪಳದಷ್ಟು ದಪ್ಪ. ಭೂಮಿತಾಯಿ ಕೆಳಗಿನಿಂದ ನನ್ನ ಶಾಖವನ್ನು ಸ್ಟ್ರಾ ಹಾಕಿ ಎಳನೀರು ಕುಡಿದ ಹಾಗೆ ಹೀರುತ್ತಿದ್ದಳು. ಕೆಳಗ ಏನ್ ಹಾಸ್ಕೊಂತೀರಿ? ಅಮ್ಮಾ!

ಪಕ್ಕದಲ್ಲಿ ಹೆಂಡತಿ ಹೊಟ್ಟೆ ತುಂಬ ರೊಟ್ಟಿ ರಾಜ್ಮಾ ತಿಂದು, ಬೆಡ್‌ಶೀಟ್ ಚೀಲದೊಳಗೆ ಸೇರಿ, ಮೂಗು ಮಾತ್ರ ಹೊರಗಿಟ್ಟು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

ಎರಡು ಗಂಟೆಗೆ, ಯಾವುದಕ್ಕೆ ಹೆದರಿ ನೀರು ಬಿಟ್ಟಿದ್ದೆನೋ ಅದೇ ಬಂತು. ಚಳಿಗೆ ಕೈಕಾಲಿನ ರಕ್ತನಾಳಗಳು ಮುದುಡಿ ರಕ್ತ ಒಳಗಡೆ ಸೇರುತ್ತದಂತೆ. ಮೈಯಲ್ಲಿ ನೀರು ಜಾಸ್ತಿಯಾಯಿತು ಅಂತ ಕಿಡ್ನಿಗೆ ತಪ್ಪು ತಿಳಿವಳಿಕೆಯಾಗಿ ಕೆಲಸ ಶುರು ಮಾಡುತ್ತದಂತೆ. ಲ್ಯಾಬಿನ ಬೊಂಬೆಗೆ ಈ ತೊಂದರೆ ಇಲ್ಲ ನೋಡಿ. ಅದನ್ನು ನಂಬಿ ಬರೆದ ನಂಬರಿನಲ್ಲಿ ರಾತ್ರಿ ಎರಡು ಗಂಟೆಯ ವಿಷಯ ಸೇರಿಯೇ ಇಲ್ಲ.

ಜಿಪ್ ಎಳೆದೆ. ಎದೆಯ ಹತ್ತಿರ, ಅದೇ ಜಾಗದಲ್ಲಿ, ಅದೇ ಬಟ್ಟೆಯನ್ನು ಕಚ್ಚಿಕೊಂಡಿತು.

"ಲೇ" ಅಂದೆ. ಉತ್ತರವಿಲ್ಲ. "ಲೇ, ಜಿಪ್ಪು." ಗೊರಕೆ. ಹಲ್ಲು ಕಟಕಟ ಅನ್ನುತ್ತಿದ್ದರಿಂದ ಮೂರನೇ ಸಲ ಕರೆದದ್ದು ನನಗೇ ಅರ್ಥವಾಗಲಿಲ್ಲ. ಉಳಿದ ದಾರಿ ಒಂದೇ, ಟೋಪಿಯ ತೂತು. ಮೊದಲು ಒಂದು ಕೈ, ಆಮೇಲೆ ತಲೆ, ಆಮೇಲೆ ಇನ್ನೊಂದು ಕೈ. ಭುಜ ಹೊರಗೆ ಬಂತು, ಹೊಟ್ಟೆ ಸಿಕ್ಕಿಕೊಂಡಿತು. ಉಸಿರು ಪೂರ್ತಿ ಬಿಟ್ಟು ಹೊಟ್ಟೆ ಒಳಗೆಳೆದುಕೊಂಡು ಹೊರಳಿದೆ. ಪೊರೆ ಬಿಡುವ ಹಾವಿನ ಹಾಗೆ ಇಂಚಿಂಚೇ ಈಚೆ ಬಂದೆ. ಒಂದು ಸಾಕ್ಸ್ ಒಳಗೇ ಉಳಿಯಿತು. ಒಂದು ಸೈಜ್ ದೊಡ್ಡದು ಕೊಂಡದ್ದಕ್ಕೆ ಇಡೀ ಪ್ರವಾಸದಲ್ಲಿ ಸಿಕ್ಕ ಲಾಭ ಅದೊಂದೇ.

ಹೊರಗೆ ಆಕಾಶದ ತುಂಬ ಅಷ್ಟು ನಕ್ಷತ್ರಗಳನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅವತ್ತೂ ಸರಿಯಾಗಿ ನೋಡಲಿಲ್ಲ. ಪುರುಸೊತ್ತಿರಲಿಲ್ಲ.

ಬೆಳಿಗ್ಗೆ ನನ್ನ ಮುಖ ನೋಡಿಯೇ ಗೈಡ್‌ಗೆ ಅರ್ಥವಾಯಿತು. ಸಾಂಕ್ರಿಯ ಹುಡುಗ, ಹೆಚ್ಚೆಂದರೆ ಇಪ್ಪತ್ತೆರಡು. ಚೀಲ ಹೊರಗೆ ತಂದು ಬಿಸಿಲಿಗೆ ಹಿಡಿದು ನೋಡಿದ. ಎರಡೂ ಕೈಯಲ್ಲಿ ಒಮ್ಮೆ ಹಿಚುಕಿದ. ಏನೂ ಅನ್ನಲಿಲ್ಲ. ಸಭ್ಯ ಹುಡುಗ. ಬಟ್ಟೆಯ ಮೇಲೆ ಬೆರಳಿಟ್ಟು ಜಿಪ್ಪನ್ನು ಒಂದೇ ಸಲಕ್ಕೆ ಸರ್ ಅಂತ ಎಳೆದು ತೋರಿಸಿದ. ಬೆರಳಿನಿಂದ ಬಟ್ಟೆಯನ್ನು ಆಚೆ ತಳ್ಳಿ ಹಿಡಿದುಕೊಂಡರೆ ಕಚ್ಚುವುದಿಲ್ಲವಂತೆ. ಏಳು ಸಾವಿರ ಕೊಟ್ಟ ಅಂಗಡಿಯಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.

ಎರಡನೇ ರಾತ್ರಿ ಅವನು ಹೇಳಿದಂತೆ ಕೇಳಿದೆ. ಎರಡು ತಟ್ಟೆ ಅನ್ನ, ಮೇಲೆ ತುಪ್ಪ. ಮಲಗುವ ಮುಂಚೆ ಟೆಂಟಿನ ಸುತ್ತ ಹತ್ತು ರೌಂಡ್ ಬಿರುಸು ನಡಿಗೆ. ಒಣಗಿದ ಬೇರೆ ಸಾಕ್ಸ್. ಗಟ್ಟಿ ಮುಚ್ಚಳದ ಬಾಟಲಿಗೆ ಬಿಸಿನೀರು ತುಂಬಿ, ಅದಕ್ಕೂ ಒಂದು ಸಾಕ್ಸ್ ತೊಡಿಸಿ, ಕಾಲಿನ ಹತ್ತಿರ ಇಟ್ಟುಕೊಂಡೆ. ಮೂಗು ಹೊರಗೆ, ಉಸಿರಿನ ತೇವ ಒಳಗೆ ಸೇರದ ಹಾಗೆ. ಇಷ್ಟೆಲ್ಲ ಮಾಡಿ ಮಲಗಿದ್ದು ಯಾವ ಚೀಲದಲ್ಲಿ ಅಂತ ಕೇಳಬೇಡಿ. ಸರಿ, ಹೇಳುತ್ತೇನೆ. ಕ್ಯಾಂಪಿನವರ ಚೀಲದಲ್ಲಿ. ಯಾರ್‍ಯಾರೋ ಬೆವರು ಸುರಿಸಿದ್ದರಲ್ಲಿ. ಆ ಚಳಿಗೆ ಬೆವರಿದ ಪುಣ್ಯಾತ್ಮರಿದ್ದರೆ ಅವರ ಪಾದಕ್ಕೆ ನಮಸ್ಕಾರ ಅನ್ನಿಸಿತು. ನನ್ನ ಮೈನಸ್ ಇಪ್ಪತ್ತನ್ನು ನಾಲ್ಕು ಮಡಿಕೆ ಮಾಡಿ ಬೆನ್ನಿನ ಕೆಳಗೆ ಹಾಸಿಕೊಂಡೆ.

ಸಾಂಕ್ರಿಗೆ ಇಳಿದ ಮೇಲೆ ಸಿಗ್ನಲ್ ಸಿಕ್ಕಿತು. ಅಮ್ಮ ಕೇಳಿದ್ದು ದರ್ಶನ ಆಯಿತಾ ಅಂತ. ಆಯಿತು ಅಂದೆ.

ಈಗ ಆ ಚೀಲ ಮನೆಯಲ್ಲಿ ಬಾಗಿಲ ಹಿಂದೆ ಸಡಿಲವಾಗಿ ನೇತಾಡುತ್ತದೆ. ಮೊನ್ನೆ ಆಫೀಸಿನ ಗೆಳೆಯನೊಬ್ಬ ಮನೆಗೆ ಬಂದವನು ಅದನ್ನು ಕಂಡು ಖುಷಿಯಾದ. ಜನವರಿಯಲ್ಲಿ ಅವನೂ ಹಿಮಾಲಯಕ್ಕೆ ಹೊರಟಿದ್ದಾನೆ. ಒಂದು ವಾರಕ್ಕೆ ಕೊಡ್ತೀಯಾ ಅಂದ. "ಅಲ್ಲಿ ಚಳಿ ಜಾಸ್ತಿ ಕಣೋ, ಇದು ಎಷ್ಟು ಡಿಗ್ರಿದು?"

ಒಳಗಿನಿಂದ ಹೆಂಡತಿ ಕೆಮ್ಮಿದಳು.

"ಮೇಲೆ ಬರೆದಿದೆ ನೋಡು" ಅಂದೆ.

ಅವನು ಹೋಗಿ ಅರ್ಧ ಗಂಟೆಯಾದ ಮೇಲೆ ಹೆಂಡತಿ ಕೇಳಿದಳು, ಜಿಪ್ಪಿನ ವಿಷಯವಾದರೂ ಹೇಳಿದಿರಾ ಅಂತ.